ಕೇರಳದಲ್ಲಿದ್ದೂ ಮಂಗಳೂರಿಗೆ ಯಾಕೆ ಓಡ್ತೀರಿ ಅಂತ ಕೇಳಿದವನಿಗೆ

"ದೇಶಕ್ಕೇ ಮಾದರಿ ಆರೋಗ್ಯ ವ್ಯವಸ್ಥೆ ನಿಮ್ಮ ಕೇರಳದ್ದು. ಆದ್ರೂ ಏನಾದ್ರೂ ಆದ್ರೆ ಮಂಗಳೂರಿಗೆ ಓಡಿ ಬರ್ತೀರಲ್ಲ, ಕರ್ನಾಟಕದ ಮೋಹ ಇನ್ನೂ ಬಿಟ್ಟಿಲ್ವಾ?" ಅಂತ ಕೇಳಿದೆಯಲ್ಲ ಮಾರಾಯಾ. ಬೆಂಗಳೂರಲ್ಲಿ ಕೂತವನಿಗೆ ಹಾಗೆ ಅನಿಸುವುದು ಸಹಜ.

ಮೋಹವೂ ಇಲ್ಲ ಮಣ್ಣೂ ಇಲ್ಲ. ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮಂಗಳೂರಿಗೆ ಸುಮಾರು 20 ಕಿಲೋಮೀಟರ್. ಕೇರಳದ ಒಳಗೇ ದೊಡ್ಡ ಸರ್ಕಾರಿ ಆಸ್ಪತ್ರೆ ಬೇಕೆಂದರೆ ಕಣ್ಣೂರು ಜಿಲ್ಲೆಯ ಪರಿಯಾರಂ, ಹತ್ತಿರ ಹತ್ತಿರ 100. ಎದೆನೋವು ಬಂದ ಅಜ್ಜನನ್ನು ಜೀಪಿನಲ್ಲಿ ಮಲಗಿಸಿಕೊಂಡವರು ಯಾವ ರಾಜ್ಯ ಅಂತ ನೋಡುವುದಿಲ್ಲ.

ಕೇರಳದ ಹೆಸರು ಸುಳ್ಳಲ್ಲ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ ಚೆನ್ನಾಗಿದೆ. ಹಾಸಿಗೆ ಹಿಡಿದವರ ಮನೆಗೆ ನರ್ಸ್ ಬರ್ತಾರೆ. ನಿನ್ನ ಬೆಂಗಳೂರಲ್ಲಿ ಬರ್ತಾರಾ ಕೇಳಿ ನೋಡು. ತೊಂದರೆ ಇರುವುದು ಅದರಿಂದ ಮೇಲಿನದಕ್ಕೆ. ರಾಜ್ಯದ ಸರಾಸರಿ ಚೆನ್ನಾಗಿದ್ದರೆ ಸಾಕು, ತುದಿಯಲ್ಲಿರುವ ನಾವು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. 50 ಎಂಬಿಬಿಎಸ್ ಸೀಟಿಗೆ ಅನುಮತಿ ಸಿಗುವಾಗ 2025 ಆಯಿತು.

ನಡುವೆ 2020ರ ಮಾರ್ಚ್ ಬಂತು, ಕೋವಿಡ್ ಬಂತು. ಕರ್ನಾಟಕ ಗಡಿಯ ದಾರಿಗಳನ್ನು ಮುಚ್ಚಿತು, ಕೆಲವು ಕಡೆ ರಸ್ತೆಗೇ ಮಣ್ಣು ಸುರಿಯಿತು. ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸ್ ಹಿಂದಕ್ಕೆ ಕಳಿಸಿದರು. ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ಆಗ ನೋಡು, ತಿರುವನಂತಪುರಕ್ಕೆ ನಮ್ಮ ನೆನಪಾಯಿತು. ಅಲ್ಲಿಂದ ಡಾಕ್ಟರರ ತಂಡವೇ ಬಂತು. ಆರು ವರ್ಷಕ್ಕೂ ಹೆಚ್ಚು ಎಳೆದ ಉಕ್ಕಿನಡ್ಕದ ಕಟ್ಟಡ ಏಪ್ರಿಲ್ ಮೊದಲ ವಾರದಲ್ಲೇ ಕೋವಿಡ್ ಆಸ್ಪತ್ರೆಯಾಯಿತು. ಅಂದರೆ ಮನಸ್ಸು ಮಾಡಿದರೆ ಆಗ್ತದೆ ಅಂತ ಆಯಿತಲ್ಲ?

ಇನ್ನು ನನ್ನ ನಿತ್ಯದ ಗೋಳು, ಕಾಗದ. ಎಂಡೋಸಲ್ಫಾನ್ ಎಂಬ ಕೀಟನಾಶಕದ ಕಥೆ ನಿನಗೆ ಟಿವಿಯಲ್ಲಿ ನೋಡಿ ಗೊತ್ತಿರಬಹುದು. ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಲ್ಲಿ ಅದನ್ನು ಸುರಿದರು. ನಮ್ಮ ಚಿಕ್ಕಮ್ಮನ ಮಗ ಹುಟ್ಟಿದ್ದು ಅಂಥ ಒಂದು ತೋಟದ ಬುಡದಲ್ಲಿ. ಈಗಲೂ ಅವನಿಗೆ ಊಟ ಮಾಡಿಸಬೇಕು, ಎತ್ತಿ ಕೂರಿಸಬೇಕು. ಚಿಕ್ಕಮ್ಮನ ಹತ್ತಿರ ಜವಳಿ ಅಂಗಡಿಯ ಒಂದು ಚೀಲ ಉಂಟು. ಅದರ ತುಂಬ ಅವನ ಚೀಟಿಗಳು. ಎಕ್ಸ್‌ರೇ ಒಂದಕ್ಕೊಂದು ಅಂಟಿವೆ, ಹಳೇ ಬಿಲ್ಲುಗಳ ಅಕ್ಷರ ಅಳಿಸಿ ಬರೀ ಬಿಳಿ ಹಾಳೆ ಉಳಿದಿದೆ. ಬಹುಪಾಲು ಪುತ್ತೂರು, ಮಂಗಳೂರಿನದ್ದೇ. ಆಗ ಹೋಗಲಿಕ್ಕೆ ಬೇರೆ ಎಲ್ಲಿತ್ತು?

ಎಂಡೋಸಲ್ಫಾನ್ ಸಂತ್ರಸ್ತರನ್ನು ಗುರುತಿಸುವ ಕ್ಯಾಂಪಿಗೆ ಕರೆದುಕೊಂಡು ಹೋದರೆ ಕಾಗದ ತಿರುವಿ ನೋಡಿ "ಇದೆಲ್ಲ ಕರ್ನಾಟಕದ್ದಲ್ವಾ, ಇಲ್ಲಿಯ ಡಾಕ್ಟರದ್ದು ಇಲ್ವಾ?" ಅಂತ ಕೇಳ್ತಾರೆ. ಅರ್ಜಿ ಮಲಯಾಳದಲ್ಲಿ. ಕನ್ನಡದ್ದು ಕೊಡಿ ಅಂದರೆ, ಉಂಟು, ಆದರೆ ಮುಗಿದಿದೆ. ಕನ್ನಡದಲ್ಲಿ ವ್ಯವಹರಿಸುವ ಹಕ್ಕು ನಮಗೆ 1969ರ ಕಾನೂನಿನಲ್ಲೇ ಇದೆ. ಕಾನೂನು ಇದೆ, ಕಾಗದ ಮುಗಿದಿದೆ! ಸರಿ ಅಂತ ಮಂಗಳೂರಿಗೆ ಬಂದರೆ ಕೌಂಟರಿನಲ್ಲಿ ಇನ್ನೊಂದು ರಾಗ: "ಕಾರ್ಡು ಕೇರಳದ್ದಾ? ನಮ್ಮ ಸ್ಕೀಮಿಗೆ ಬರೋದಿಲ್ಲ, ಕ್ಯಾಶ್ ಕಟ್ಟಿ." ಕಾಸರಗೋಡಿನಲ್ಲಿ ನಾವು ಕನ್ನಡದವರು, ಮಂಗಳೂರಿನಲ್ಲಿ ಕೇರಳದವರು. ಎರಡೂ ಕಡೆ ಬೈಸಿಕೊಳ್ಳುವುದಕ್ಕೆ ಮಾತ್ರ ಅರ್ಹತೆ ಪೂರ್ತಿ ಉಂಟು.

ಇದು ನಮ್ಮ ಚಿಕ್ಕಮ್ಮನ ಒಬ್ಬರ ಕಷ್ಟವಲ್ಲ. 2017ರ ಕ್ಯಾಂಪಿನಲ್ಲಿ 1905 ಜನರನ್ನು ಗುರುತಿಸಿ ಕೊನೆಗೆ 287 ಹೆಸರು ಮಾತ್ರ ಉಳಿಸಿದರು. ಜನ ಬೀದಿಗಿಳಿದ ಮೇಲೆ ಸ್ವಲ್ಪ ಸ್ವಲ್ಪ ಸೇರಿಸಿದರು. ಅದೇ ವರ್ಷ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಅಂದಿತ್ತು. 2022ರಲ್ಲಿ ಅದೇ ಕೋರ್ಟು ನೋಡಿದಾಗ 3704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಜನಕ್ಕೆ, ಕೋರ್ಟಿಗೆ ಹೋದವರಿಗೆ ಮಾತ್ರ. ಆಮೇಲೆ ಕೋರ್ಟು ಬೈದ ಮೇಲೆ ಉಳಿದವರಿಗೂ ಹಣ ಬಂತು ಅನ್ನು. ಆದರೆ ಪಟ್ಟಿಯಲ್ಲಿ ಹೆಸರೇ ಇಲ್ಲದವರಿಗೆ ಕೋರ್ಟು ಏನು ಮಾಡ್ತದೆ?

ನಾಯಕತ್ವ ನಾಯಕತ್ವ ಅಂತ ಭಾಷಣ ಕೇಳುವಾಗ ನನಗೆ ನೆನಪಾಗುವುದು ಮಂತ್ರಿಗಳಲ್ಲ. ನಮ್ಮ ಜಿಲ್ಲೆಯ ಪಡ್ರೆ ಗ್ರಾಮದ ಡಾ. ವೈ.ಎಸ್. ಮೋಹನಕುಮಾರ್. ಹಳ್ಳಿಯಲ್ಲಿ ಕೂತು, ಯಾಕೆ ಇದೇ ಊರಿನಲ್ಲಿ ಇಷ್ಟೊಂದು ಕಾಯಿಲೆ ಅಂತ ಯೋಚನೆ ಮಾಡಿದ ಡಾಕ್ಟರು. ಪೆರಿಯದಲ್ಲಿ ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ ಸರ್ಕಾರಿ ಕೆಲಸದಲ್ಲಿದ್ದುಕೊಂಡೇ ಸಿಂಪಡಣೆ ವಿರುದ್ಧ ಕೋರ್ಟಿಗೆ ಹೋದರು. ಪಡ್ರೆಯವರೇ ಆದ ಪತ್ರಕರ್ತ ಶ್ರೀಪಡ್ರೆ ಇದರ ಬಗ್ಗೆ ಬರೆದರು. ಇವರೆಲ್ಲ ಲೆಕ್ಕ ಇಡದಿದ್ದರೆ ಸರ್ಕಾರಕ್ಕೆ ಗೊತ್ತೇ ಆಗುತ್ತಿರಲಿಲ್ಲ, ಅಥವಾ ಗೊತ್ತಾದರೂ ಗೊತ್ತಿಲ್ಲದ ಹಾಗೆ ಇರುತ್ತಿತ್ತು.

ಗಡಿಯಾಚೆ ಬೆಳ್ತಂಗಡಿಯ ಕೊಕ್ಕಡದಲ್ಲೂ ಅದೇ ವಿಷ ಸುರಿದಿದ್ದರು. ಅಲ್ಲಿಯವರಿಗೆ ಕರ್ನಾಟಕದ ಪಟ್ಟಿ, ಕರ್ನಾಟಕದ ಮಾಸಾಶನ. ನಮಗೆ ಕೇರಳದ್ದು. ಅಲ್ಲಿ ಹುಟ್ಟಿ ಇಲ್ಲಿಗೆ ಮದುವೆಯಾಗಿ ಬಂದವರು ಯಾವ ಕಚೇರಿಯ ಬಾಗಿಲು ತಟ್ಟಬೇಕು ಅಂತ ಯಾರಾದರೂ ಬರೆದಿಟ್ಟಿದ್ದರೆ ನನಗೂ ಒಂದು ಪ್ರತಿ ಕಳಿಸು.

ನನಗೆ ಬೇಕಾಗಿರುವುದು ದೊಡ್ಡದೇನಲ್ಲ. 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಎರಡು ರಾಜ್ಯದವರು ಕೂತು, ತಲಪಾಡಿಯಲ್ಲಿ ಯಾವ ರೋಗಿಯನ್ನು ಹೇಗೆ ಬಿಡಬೇಕು ಅಂತ ಕೆಲವೇ ದಿನದಲ್ಲಿ ತೀರ್ಮಾನಿಸಿದ್ದರು. ಹಾಗೇ ಇನ್ನೊಮ್ಮೆ ಕೂರಲಿ. ನಮ್ಮ ಕಾರ್ಡು ಅಲ್ಲಿ ನಡೆಯಬೇಕು, ಅಲ್ಲಿಯ ಚೀಟಿ ಇಲ್ಲಿ ನಡೆಯಬೇಕು. ಇಷ್ಟೇ. ಸಭೆ ಬೇಕಾದರೆ ನಮ್ಮೂರಲ್ಲೇ ಇಟ್ಟುಕೊಳ್ಳಲಿ, ಊಟದ ಖರ್ಚು ನಾವು ನೋಡಿಕೊಳ್ತೇವೆ. ಬಿಲ್ಲು ಯಾವ ರಾಜ್ಯದ್ದು ಅಂತಲೂ ಕೇಳುವುದಿಲ್ಲ.