ಎರಡನೆಯ ಪರದೆಗೆ ಹತ್ತು ಸಾವಿರ ಸಾಕೇ?

ಪ್ರಶ್ನೆ: ನಾನು ನಿವೃತ್ತ ಕನ್ನಡ ಅಧ್ಯಾಪಕಿ. ಮನೆಯಲ್ಲಿಯೇ ಕುಳಿತು ಪ್ರಕಾಶಕರಿಗೆ ಕರಡು ತಿದ್ದಿಕೊಡುತ್ತೇನೆ. 15.6 ಇಂಚಿನ ಲ್ಯಾಪ್‌ಟಾಪಿನಲ್ಲಿ ಒಂದು ಪಕ್ಕ ಲೇಖಕರ ಮೂಲಪ್ರತಿ, ಇನ್ನೊಂದು ಪಕ್ಕ ಪುಟವಿನ್ಯಾಸದ ಪಿಡಿಎಫ್ ಇಟ್ಟುಕೊಂಡು ಕಣ್ಣು ಸೋತಿದೆ. ಇನ್ನೊಂದು ಮಾನಿಟರ್ ಬೇಕು, ಹತ್ತು ಸಾವಿರದೊಳಗೆ ಮುಗಿಯಬೇಕು. ಮಗ 27 ಇಂಚಿನದನ್ನೇ ತೆಗೆದುಕೋ ಎನ್ನುತ್ತಾನೆ. ಅಂಗಡಿಯವರು ಅದೇ ದುಡ್ಡಿಗೆ 32 ಇಂಚಿನ ಟಿವಿ ಹಾಕಿಕೊಳ್ಳಿ ಎಂದರು. ಅಟ್ಟದ ಮೇಲೆ 17 ಇಂಚಿನ ಹಳೆಯ ಮಾನಿಟರ್ ಬೇರೆ ಇದೆ. ನನ್ನದು ಬೈಫೋಕಲ್ ಕನ್ನಡಕ.
– ಓದುಗರೊಬ್ಬರು, ಶಿರಸಿ

ಉತ್ತರ: ಟಿವಿಯ ಮಾತನ್ನು ಮೊದಲೇ ಮುಗಿಸಿಬಿಡೋಣ. ಆ ಬೆಲೆಗೆ ಸಿಗುವ 32 ಇಂಚಿನ ಟಿವಿಗಳಲ್ಲಿ ಹೆಚ್ಚಿನವು ‘ಎಚ್‌ಡಿ ರೆಡಿ’, ಅಂದರೆ 1366 × 768 ಪಿಕ್ಸೆಲ್. ಈಗಿನ ಸಾಧಾರಣ ಲ್ಯಾಪ್‌ಟಾಪಿನಲ್ಲೇ 1920 × 1080 ಇರುತ್ತದೆ. ಪಿಕ್ಸೆಲ್‌ಗಳು ಅರ್ಧ, ಪರದೆಯ ಅಗಲ ಮಾತ್ರ ಎರಡು ಪಟ್ಟು. ಹತ್ತಡಿ ದೂರ ಕುಳಿತು ಧಾರಾವಾಹಿ ನೋಡುವವರಿಗೆ ಅದು ಸಾಕು. ಎರಡಡಿ ದೂರದಿಂದ ಅರ್ಕಾವೊತ್ತು ಹುಡುಕುವ ನಿಮಗಲ್ಲ.

ಮಗನ ಸಲಹೆಗೆ ಸ್ವಲ್ಪ ಲೆಕ್ಕ ಬೇಕು. ನಿಮ್ಮ ಬೆಲೆಯೊಳಗೆ ಅಥವಾ ಅದರ ಆಸುಪಾಸಿನಲ್ಲಿ ಸಿಗುವ 27 ಇಂಚಿನ ಮಾನಿಟರ್‌ಗಳಲ್ಲಿಯೂ ಇರುವುದು ಅದೇ 1920 × 1080. ಅಷ್ಟೇ ಪಿಕ್ಸೆಲ್‌ಗಳನ್ನು 24 ಇಂಚಿನಲ್ಲಿ ಹರಡಿದರೆ ಇಂಚಿಗೆ ಸುಮಾರು 92 ಬೀಳುತ್ತವೆ, 27 ಇಂಚಿನಲ್ಲಿ 82ಕ್ಕೆ ಇಳಿಯುತ್ತವೆ. ಇಂಗ್ಲಿಷ್ ಓದುವವರಿಗೆ ಈ ಹತ್ತು ಪಿಕ್ಸೆಲ್ ದೊಡ್ಡದಲ್ಲ. ಕನ್ನಡದ ಪಾಡು ಬೇರೆ. ಹನ್ನೆರಡು ಪಾಯಿಂಟಿನ ಅಕ್ಷರವನ್ನು ನೈಜ ಗಾತ್ರದಲ್ಲಿ ತೋರಿಸಲು 24 ಇಂಚಿನಲ್ಲಿ ಹದಿನೈದು ಪಿಕ್ಸೆಲ್ ಎತ್ತರ ಸಿಕ್ಕರೆ, 27 ಇಂಚಿನಲ್ಲಿ ಸಿಗುವುದು ಹದಿಮೂರು ಹದಿನಾಲ್ಕು. ಅಷ್ಟರೊಳಗೇ ತಲೆಕಟ್ಟು, ಗುಡಿಸು, ಕೆಳಗಿನ ಒತ್ತಕ್ಷರ ಎಲ್ಲವೂ ಕೂರಬೇಕು. ದಕಾರದ ಹೊಟ್ಟೆ ಸೀಳಿದರೆ ಧಕಾರ. ಆ ಸೀಳು ಒಂದೇ ಪಿಕ್ಸೆಲ್ ಅಗಲದ್ದಾದಾಗ ಅದು ಇದೆಯೋ ಇಲ್ಲವೋ ಎಂದು ಯಾರು ಹೇಳಬೇಕು? ಮೊದಲು ಡಿಟಿಪಿ ಅಂಗಡಿ ನಡೆಸುತ್ತಿದ್ದವನು ನಾನು. ‘ಪ್ರಧಾನ’ ‘ಪ್ರದಾನ’ವಾಗಿ ಅಚ್ಚಾದ ಆಮಂತ್ರಣ ಪತ್ರಿಕೆಗಳನ್ನು ಬೇಕಾದಷ್ಟು ಕಂಡಿದ್ದೇನೆ.

27 ಇಂಚಿಗೆ ನ್ಯಾಯ ಸಿಗುವುದು 2560 × 1440 ಪಿಕ್ಸೆಲ್ ಇದ್ದಾಗ. ಅದರ ಬೆಲೆ ನಿಮ್ಮ ಮಿತಿಯನ್ನು ಬಹಳ ದೂರ ದಾಟುತ್ತದೆ. ಹಾಗಾಗಿ 24 ಇಂಚಿನ, 1920 × 1080ರ ಐಪಿಎಸ್ ಮಾನಿಟರ್ ಕೊಳ್ಳಿ. ಹೆಸರುವಾಸಿ ಕಂಪನಿಗಳದ್ದೇ ಹತ್ತು ಸಾವಿರದೊಳಗೆ ಸಿಗುತ್ತದೆ.

ಐಪಿಎಸ್ ಎಂದರೆ ಓರೆಯಾಗಿ ನೋಡಿದರೂ ಬಣ್ಣ ಕೆಡದ ಬಗೆಯ ಪರದೆ. ಅದೇ ಏಕೆಂದರೆ, ಎರಡು ಪರದೆ ಇಟ್ಟವರು ಒಂದನ್ನಾದರೂ ಓರೆಯಾಗಿಯೇ ನೋಡುತ್ತಾರೆ. ಹಳೆಯ ಬಗೆಯ ಟಿಎನ್ ಪರದೆ ಓರೆ ನೋಟಕ್ಕೆ ಬಣ್ಣ ಕೆಡಿಸುತ್ತದೆ. ವಿಎ ಪರದೆಯಲ್ಲಿ ಕಪ್ಪು ಗಾಢವಾಗಿರುತ್ತದೆ, ಸಿನಿಮಾಕ್ಕೆ ಒಳ್ಳೆಯದು. ಆದರೆ ಅಗ್ಗದವುಗಳಲ್ಲಿ ಪುಟ ಸರಿಸುವಾಗ ಅಕ್ಷರದ ಹಿಂದೆ ನೆರಳು ಎಳೆದಂತೆ ಕಾಣುತ್ತದೆ. 144 ಹರ್ಟ್ಸ್, ಒಂದು ಮಿಲಿಸೆಕೆಂಡ್, ಬಾಗಿದ ಪರದೆ ಎಂದು ಪೆಟ್ಟಿಗೆಯ ಮೇಲೆ ಏನೇನೋ ಬರೆದಿರುತ್ತಾರೆ. ಅವೆಲ್ಲ ಆಟವಾಡುವ ಹುಡುಗರಿಗೆ. ಮಾನಿಟರಿನ ಒಳಗೇ ಕೂರಿಸಿದ ಸ್ಪೀಕರಿಗೂ ದುಡ್ಡು ಕೊಡಬೇಡಿ, ಅದರ ದನಿ ಕೇಳಿದವರು ಮತ್ತೆ ಹಾಕುವುದಿಲ್ಲ.

ಇನ್ನು ನಿಮ್ಮ ಕೆಲಸಕ್ಕೇ ಒದಗುವ ಒಂದು ಅಳತೆ. 24 ಇಂಚು ಎಂದು ಮಾರುವ ಪರದೆ ಸಾಮಾನ್ಯವಾಗಿ 23.8 ಇಂಚು, ಅಗಲ ಸುಮಾರು 52.7 ಸೆಂಟಿಮೀಟರ್, ಎತ್ತರ 29.6. ಎ4 ಹಾಳೆಯ ಎತ್ತರ 29.7. ಡೆಮಿ 1/8 ಆಕಾರದ ಪುಸ್ತಕವಾದರೆ ಇನ್ನೂ ಅನುಕೂಲ: ಎದುರುಬದುರು ಎರಡು ಪುಟಗಳನ್ನು ಒಂದೂಕಾಲು ಪಟ್ಟು ಹಿಗ್ಗಿಸಿದರೂ 35 ಸೆಂಟಿಮೀಟರ್ ಅಗಲ, 27 ಎತ್ತರ. ಪೂರ್ಣಪರದೆಯಲ್ಲಿ ತೆರೆದರೆ ಇಡೀ ಹರವು ಕಣ್ಣ ಮುಂದೆ ಇರುತ್ತದೆ. ಎಡಪುಟದ ಕೊನೆಯ ಸಾಲಿನಿಂದ ಬಲಪುಟಕ್ಕೆ ಹೋಗುವಾಗ ಬಿಟ್ಟುಹೋದ ಪದ, ಎರಡು ಸಲ ಬಂದ ಸಾಲು ಥಟ್ಟನೆ ಸಿಕ್ಕುತ್ತವೆ. ಮೂಲಪ್ರತಿ ಲ್ಯಾಪ್‌ಟಾಪಿನಲ್ಲಿರಲಿ.

ಹೆಚ್ಚು ಹೊತ್ತು ನೋಡುವುದು ಪುಟವನ್ನಾದ್ದರಿಂದ ಹೊಸ ಮಾನಿಟರೇ ನೇರ ಎದುರಿಗೆ ಬರಬೇಕು, ಲ್ಯಾಪ್‌ಟಾಪ್ ಪಕ್ಕಕ್ಕೆ ಸರಿಯಬೇಕು. ಹೊಸದನ್ನು ಮೂಲೆಗೆ ತಳ್ಳಿ ಕತ್ತು ತಿರುಗಿಸಿಕೊಂಡೇ ಕೂರುವವರು ಬಹಳ.

ಬೈಫೋಕಲ್ ಎಂದು ನೀವು ಬರೆದಿದ್ದು ಒಳ್ಳೆಯದಾಯಿತು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ, ಅದಕ್ಕಾಗಿ ಎತ್ತರ ಹೊಂದಿಸುವ ಸ್ಟ್ಯಾಂಡಿಗೆ ಹೆಚ್ಚಿನ ಹಣ ಕೊಡಿಸುತ್ತಾರೆ. ಕನ್ನಡಕದ ಕೆಳಭಾಗದಿಂದ ಓದುವವರಿಗೆ ಆ ಎತ್ತರ ಶಿಕ್ಷೆ. ಗದ್ದ ಮೇಲೆತ್ತಿ ಎತ್ತಿ ಸಂಜೆಗೆ ಕುತ್ತಿಗೆ ಹಿಡಿಯುತ್ತದೆ. ನಿಮಗೆ ಪರದೆ ತಗ್ಗಿನಲ್ಲಿ, ಮೇಲ್ಮುಖವಾಗಿ ತುಸು ವಾಲಿರಬೇಕು. ಅಗ್ಗದ ಮಾನಿಟರಿನ ಗಿಡ್ಡ ಸ್ಟ್ಯಾಂಡ್ ಮಾಡುವುದು ಅದನ್ನೇ. ಬೇರೆಯವರಿಗೆ ಕೊರತೆಯಾದದ್ದು ನಿಮಗೆ ಉಳಿತಾಯ. ಆದರೂ ಹಿಂಬದಿಯಲ್ಲಿ 75 ಅಥವಾ 100 ಮಿಲಿಮೀಟರ್ ಚೌಕದ ನಾಲ್ಕು ತಿರುಪಿನ ರಂಧ್ರಗಳಿವೆಯೇ ನೋಡಿಕೊಳ್ಳಿ, ಮುಂದೆಂದಾದರೂ ಮೇಜಿಗೆ ಬಿಗಿಯುವ ಮಾನಿಟರ್ ತೋಳಿಗೆ ಸಿಕ್ಕಿಸಬಹುದು. ನಿಘಂಟಿನ ಸಂಪುಟಗಳನ್ನು ಮಾನಿಟರ್ ಕೆಳಗೆ ಪೇರಿಸುವ ಅಭ್ಯಾಸ ಕೆಲವರಿಗಿದೆ. ಕರಡು ತಿದ್ದುವವರಿಗೆ ಅದು ಆಗದ ಮಾತು, ಹತ್ತು ನಿಮಿಷಕ್ಕೊಮ್ಮೆ ಎಳೆಯಬೇಕಾಗುತ್ತದೆ.

ಅಟ್ಟದ ಮಾನಿಟರನ್ನು ಗುಜರಿಗೆ ಕೊಡುವ ಮೊದಲು ಕೆಳಗಿಳಿಸಿ. 17 ಇಂಚಿನ ಆ ತರಹದವು ಹೆಚ್ಚಾಗಿ 1280 × 1024 ಪಿಕ್ಸೆಲ್‌ನವು, ಅಕ್ಷರ ಕಾಣುವುದಕ್ಕೆ ಕೆಟ್ಟದ್ದೇನಲ್ಲ. ಅದರಲ್ಲಿ ನೀಲಿ ಬಣ್ಣದ ವಿಜಿಎ ಕಿಂಡಿ ಮಾತ್ರ ಇದ್ದರೆ, ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಪುಟ್ಟ ಕನ್ವರ್ಟರ್ ಕೆಲವು ನೂರು ರೂಪಾಯಿಗೆ ಬರುತ್ತದೆ. ಬರೀ ಕೇಬಲ್ ಸಾಲದು. ಒಂದು ಡಿಜಿಟಲ್, ಇನ್ನೊಂದು ಅನಲಾಗ್. ಒಂದು ವಾರ ಅದರಲ್ಲಿ ಕೆಲಸ ಮಾಡಿ. ಎರಡು ಪರದೆ ನಿಮಗೆ ಒಗ್ಗುತ್ತದೆಯೋ, ಮೇಜಿನ ಮೇಲೆ ಜಾಗ ಸಾಲುತ್ತದೆಯೋ ಗೊತ್ತಾಗುತ್ತದೆ. ಒಗ್ಗದಿದ್ದರೆ ಹತ್ತು ಸಾವಿರ ಉಳಿಯಿತು.

ಹೊಸದು ಬಂದ ದಿನವೇ ಪೂರ್ತಿ ಬಿಳಿ, ಪೂರ್ತಿ ಕಪ್ಪು, ಪೂರ್ತಿ ಕೆಂಪು ಚಿತ್ರಗಳನ್ನು ಪರದೆ ತುಂಬ ತೆರೆದು ಸತ್ತ ಪಿಕ್ಸೆಲ್ ಇದೆಯೇ ಹುಡುಕಿ. ಒಂದೆರಡನ್ನು ವಾರಂಟಿಯಲ್ಲಿ ದೋಷವೆಂದು ಎಣಿಸದ ಕಂಪನಿಗಳಿವೆ, ಆದ್ದರಿಂದ ಹಿಂದಿರುಗಿಸುವ ಅವಧಿಯೊಳಗೇ ತೀರ್ಮಾನಿಸಿ. ಮೂರು ವರ್ಷದ ವಾರಂಟಿ ಇರುವುದನ್ನೇ ಆರಿಸಿ, ದುರಸ್ತಿಗೆ ಅವರು ಮನೆಗೆ ಬರುತ್ತಾರೋ, ನೀವು ಪೆಟ್ಟಿಗೆ ಹೊತ್ತು ಹುಬ್ಬಳ್ಳಿಗೆ ಹೋಗಬೇಕೋ ಕೇಳಿ. ವಿಂಡೋಸ್‌ನಲ್ಲಿ ಕ್ಲಿಯರ್‌ಟೈಪ್ ಹೊಂದಾಣಿಕೆಯನ್ನು ಹೊಸ ಪರದೆಗೆ ಒಮ್ಮೆ ನಡೆಸಿದರೆ ಅಕ್ಷರ ಇನ್ನಷ್ಟು ತಿಳಿಯಾಗುತ್ತದೆ. ವಿದ್ಯುತ್ತಿನ ಖರ್ಚು ಅಲ್ಪ: 20 ವಾಟ್‌ನಂತೆ ದಿನಕ್ಕೆ ಎಂಟು ಗಂಟೆ ಉರಿಸಿದರೂ ತಿಂಗಳಿಗೆ ಐದು ಯೂನಿಟ್ ಆಗುವುದಿಲ್ಲ. ಗುಡುಗು ಶುರುವಾದರೆ ಮಾತ್ರ ಪ್ಲಗ್ ಕಿತ್ತುಬಿಡಿ. ನಿಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಚೇರಿಗಳಿಂದ ಬಂದ ಹಳೆಯ ಮಾನಿಟರ್‌ಗಳು ಅರ್ಧ ಬೆಲೆಗೆ ಸಿಗುತ್ತವಂತೆ. ಕೊಳ್ಳಬಹುದೇ?
– ವಿದ್ಯಾರ್ಥಿ, ತುಮಕೂರು

ಉತ್ತರ: ಕೊಳ್ಳಬಹುದು, ಕಣ್ಣು ತೆರೆದುಕೊಂಡು. ಕಚೇರಿ ಮಾನಿಟರ್‌ಗಳ ಸ್ಟ್ಯಾಂಡ್ ಗಟ್ಟಿ. ಅನೇಕವು ಏರುತ್ತವೆ, ಇಳಿಯುತ್ತವೆ, ನಿಲುವಾಗಿ ತಿರುಗುತ್ತವೆ. ಡೆಲ್ ಕಂಪನಿಯ ಯು2412ಎಂ ಎಂಬ ಹಳೆಯ ಮಾದರಿ ಸಿಕ್ಕರೆ ನೋಡು: ಐಪಿಎಸ್, 24 ಇಂಚು, 1920 × 1200. ಉದ್ದಕ್ಕೆ 120 ಪಿಕ್ಸೆಲ್ ಹೆಚ್ಚಿಗೆ ಇರುವುದು ಕೋಡ್ ಬರೆಯುವವರಿಗೆ ವರ. ಆದರೆ ಅದರಲ್ಲಿ ಎಚ್‌ಡಿಎಂಐ ಇಲ್ಲ. ಡಿಸ್‌ಪ್ಲೇಪೋರ್ಟ್, ಡಿವಿಐ, ವಿಜಿಎ ಮಾತ್ರ. ಎಚ್‌ಡಿಎಂಐಯಿಂದ ಡಿವಿಐಗೆ ಹೋಗುವ ಸಾಧಾರಣ ಕೇಬಲ್ ಸಾಕು, ಕನ್ವರ್ಟರ್ ಬೇಡ. ನಿನ್ನ ಲ್ಯಾಪ್‌ಟಾಪನ್ನೇ ಹೊತ್ತೊಯ್ದು ಅಂಗಡಿಯಲ್ಲಿ ಅರ್ಧ ಗಂಟೆ ಉರಿಸಿ ನೋಡು. ಹಾಳೆಯಂತಹ ಬಿಳಿ ಪುಟ ತೆರೆದಾಗ ಅಂಚುಗಳು ಹಳದಿಯಾಗಿದ್ದರೆ ಬೇರೆಯದನ್ನು ಕೇಳು. ಬಿಲ್ ಇಲ್ಲದೆ ಕೊಡುತ್ತೇನೆ ಎಂದವನ ಅಂಗಡಿಯಿಂದ ಇಳಿದುಬಿಡು.

ಪ್ರಶ್ನೆ: ಟೈಪ್-ಸಿ ಕೇಬಲ್ ತಂದು ಮಾನಿಟರಿಗೆ ಸಿಕ್ಕಿಸಿದರೆ ಚಿತ್ರವೇ ಬರುತ್ತಿಲ್ಲ. ಮಾನಿಟರ್ ಕೆಟ್ಟಿದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಬಹುಶಃ ಇಲ್ಲ. ಎಲ್ಲ ಟೈಪ್-ಸಿ ಕಿಂಡಿಗಳೂ ಚಿತ್ರ ಸಾಗಿಸುವುದಿಲ್ಲ, ಎಲ್ಲ ಟೈಪ್-ಸಿ ಕೇಬಲ್‌ಗಳೂ ಅಷ್ಟೇ; ಮೊಬೈಲ್ ಚಾರ್ಜರಿನ ಜೊತೆ ಬಂದ ಕೇಬಲ್‌ಗಂತೂ ಆ ಶಕ್ತಿ ಇರುವುದು ಅಪರೂಪ. ಲ್ಯಾಪ್‌ಟಾಪಿನ ಕಿಂಡಿಯ ಪಕ್ಕ ಡಿಸ್‌ಪ್ಲೇಪೋರ್ಟಿನ ಗುರುತೋ ಮಿಂಚಿನ ಬಾಣದ ಗುರುತೋ ಇದೆಯೇ ನೋಡಿ. ಗುರುತು ಇಲ್ಲದಿದ್ದರೆ ಮಾದರಿಯ ಕೈಪಿಡಿಯಲ್ಲಿ ಹುಡುಕಿ. ಎಚ್‌ಡಿಎಂಐ ಕಿಂಡಿ ಎರಡರಲ್ಲೂ ಇದ್ದರೆ ಈ ತಲೆನೋವೇ ಬೇಡ, ಇನ್ನೂರು ಮುನ್ನೂರು ರೂಪಾಯಿಯ ಎಚ್‌ಡಿಎಂಐ ಕೇಬಲ್ ತಂದು ಸಿಕ್ಕಿಸಿ, ವಿಂಡೋಸ್ ಕೀಲಿಯ ಜೊತೆ ಪಿ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿ.