ಸಹಾಯಧನ ಕೀಲಿಕೈಗೋ, ಕಿಲೋಮೀಟರಿಗೋ?

ಓದುಗರ ಪತ್ರ: "ಮಾನ್ಯರೆ, 2022ರಲ್ಲಿ ನಮ್ಮ ಪಕ್ಕದ ಮನೆಯವರು ವಿದ್ಯುತ್ ಸ್ಕೂಟರ್ ಕೊಂಡಾಗ ಸರ್ಕಾರದ ಲೆಕ್ಕದಲ್ಲಿ 45 ಸಾವಿರ ಕಳೆದು ಬಿಲ್ ಮಾಡಿದ್ದರು. ಈಗ ಮಗಳಿಗೊಂದು ತೆಗೆಯೋಣವೆಂದು ಶೋರೂಮಿಗೆ ಹೋದರೆ ಐದು ಸಾವಿರ ಎನ್ನುತ್ತಾರೆ. ಹದಿನೇಳು ವರ್ಷದ ಹಳೇ ಸ್ಕೂಟರನ್ನು ಗುಜರಿಗೆ ಹಾಕಿ ಹೊಸದು ಕೊಳ್ಳುವವನಿಗೂ ಇಷ್ಟೇನಾ? ಪರಿಸರ ಎಂದು ಭಾಷಣ ಬಿಗಿಯುವ ಸರ್ಕಾರ ಮಧ್ಯಮ ವರ್ಗದ ಕೈಬಿಟ್ಟಿದೆ. ತಾವು ಯಾಕೆ ದನಿ ಎತ್ತಬಾರದು? ಮತ್ತೊಂದು ಯೋಜನೆ ಬರುವವರೆಗೆ ಕಾಯಲೇ?"
– ನಿವೃತ್ತ ಪ್ರೌಢಶಾಲಾ ಶಿಕ್ಷಕರು, ದಾವಣಗೆರೆ

ಸಂಪಾದಕರ ಉತ್ತರ:

ಮೇಷ್ಟ್ರೆ, ನಿಮ್ಮ ಲೆಕ್ಕದಲ್ಲಿ ಒಂದು ರೂಪಾಯಿಯೂ ತಪ್ಪಿಲ್ಲ. ತಪ್ಪಿರುವುದು ದೂರಿನ ವಿಳಾಸ.

ಲೆಕ್ಕದಿಂದಲೇ ಶುರುಮಾಡೋಣ. ವಿದ್ಯುತ್ ವಾಹನಗಳಿಗೆ ಕೇಂದ್ರ ಸಹಾಯಧನ ಕೊಡುತ್ತಿದ್ದ ಫೇಮ್ ಯೋಜನೆಯ ಎರಡನೇ ಹಂತ 2019ರ ಏಪ್ರಿಲ್‌ನಲ್ಲಿ ಹತ್ತು ಸಾವಿರ ಕೋಟಿಯೊಂದಿಗೆ ಜಾರಿಗೆ ಬಂತು. ದ್ವಿಚಕ್ರಕ್ಕೆ ಬ್ಯಾಟರಿಯ ಪ್ರತಿ ಯೂನಿಟ್ ಸಾಮರ್ಥ್ಯಕ್ಕೆ (ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್) 10,000 ರೂಪಾಯಿ, ಮಿತಿ ಬೆಲೆಯ ಶೇ 20. 2021ರ ಜೂನ್‌ನಲ್ಲಿ ಅದನ್ನು 15,000ಕ್ಕೆ ಏರಿಸಿ ಮಿತಿಯನ್ನು ಶೇ 40 ಮಾಡಿದರು. ಮೂರು ಯೂನಿಟ್ ಬ್ಯಾಟರಿಯ ಸ್ಕೂಟರಿಗೆ ಸಿಕ್ಕಿದ್ದು ನಿಮ್ಮ ಪಕ್ಕದ ಮನೆಯವರ 45 ಸಾವಿರ. 2023ರ ಜೂನ್‌ನಿಂದ ದರ ಮತ್ತೆ 10,000ಕ್ಕೆ ಇಳಿಯಿತು, ಮಿತಿ ಕಾರ್ಖಾನೆ ಬೆಲೆಯ ಶೇ 15ಕ್ಕೆ ಬಂತು. ಲಕ್ಷದ ಇಪ್ಪತ್ತು ಸಾವಿರದ ಗಾಡಿಗೆ ಅಲ್ಲಿಗೆ 18 ಸಾವಿರ. 2024ರ ಏಪ್ರಿಲ್‌ನಲ್ಲಿ ಬಂದ ಮಧ್ಯಂತರ ಯೋಜನೆಯಲ್ಲಿ ಯೂನಿಟ್ಟಿಗೆ 5,000, ಹೆಚ್ಚೆಂದರೆ 10,000. ಅದೇ ಅಕ್ಟೋಬರ್‌ನಲ್ಲಿ ಬಂದ ಪಿಎಂ ಇ-ಡ್ರೈವ್ ಯೋಜನೆ ಮೊದಲು ಅದೇ ದರವನ್ನು ಉಳಿಸಿಕೊಂಡು, 2025-26ನೇ ಸಾಲಿಗೆ ಯೂನಿಟ್ಟಿಗೆ 2,500, ಹೆಚ್ಚೆಂದರೆ 5,000ಕ್ಕೆ ತಂದು ನಿಲ್ಲಿಸಿತು. ನಾಲ್ಕು ವರ್ಷದಲ್ಲಿ ಒಂಬತ್ತನೇ ಒಂದು ಪಾಲು. ಹೊಟ್ಟೆ ಉರಿಯುವುದು ಸಹಜ.

ನಿಮ್ಮ ಪಕ್ಷದಲ್ಲೂ ಹೇಳುವ ಮಾತಿದೆ, ಅದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಸಹಾಯಧನವನ್ನು ತಟಕ್ಕನೆ ನಿಲ್ಲಿಸಿದರೆ ಏನಾಗುತ್ತದೆಂದು ನಮಗೆ ಹಿಂದೆಯೇ ಗೊತ್ತಾಗಿದೆ. 2010ರ ನವೆಂಬರ್‌ನಲ್ಲಿ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ವಿದ್ಯುತ್ ಕಾರಿಗೆ ಒಂದು ಲಕ್ಷದವರೆಗೆ, ಸ್ಕೂಟರಿಗೆ ನಾಲ್ಕೈದು ಸಾವಿರದವರೆಗೆ ಕೊಡತೊಡಗಿತು. 2012ರ ಮಾರ್ಚ್ 31ಕ್ಕೆ ಅದು ಮುಗಿಯಿತು. ಮಾರಾಟ ಕುಸಿದು ಎಷ್ಟೋ ತಯಾರಕರು ಬಾಗಿಲು ಹಾಕಿಕೊಂಡರು. ಇನ್ನು ನಮ್ಮ ಬೆಂಗಳೂರಿನ ವಿದ್ಯುತ್ ಕಾರು ರೇವಾ. 2001ರಲ್ಲಿ ರಸ್ತೆಗಿಳಿದ ಆ ಪುಟ್ಟ ಕಾರು ಇಲ್ಲಿ ತಮಾಷೆಯ ವಸ್ತುವಾಯಿತು, ಲಂಡನ್ನಿನಲ್ಲಿ ಬೇರೆ ಹೆಸರಲ್ಲಿ ಓಡಾಡಿತು. ಅಲ್ಲಿ 2003ರಿಂದ ನಗರದ ನಡುಭಾಗಕ್ಕೆ ಕಾರು ತಂದವರು ದಿನವೂ ಶುಲ್ಕ ಕಟ್ಟಬೇಕಿತ್ತು, ವಿದ್ಯುತ್ ಕಾರಿಗೆ ಅದು ಮಾಫಿ ಇತ್ತು. ಆದರೆ ಈ ಕಥೆಯಲ್ಲಿ ಒಂದು ಸೂಕ್ಷ್ಮ ಗಮನಿಸಿ. ಲಂಡನ್ನಿನವರು ಕೊಳ್ಳುವಾಗ ದುಡ್ಡು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಕಾರು ಓಡಿಸಿದ ದಿನ ಮಾತ್ರ ಲಾಭ ಸಿಗುವಂತೆ ಇಟ್ಟರು. ಶೆಡ್ಡಿನಲ್ಲಿ ನಿಂತ ಕಾರಿಗೆ ಅಲ್ಲಿ ಬಿಡಿಗಾಸೂ ಇರಲಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ನಾವು ದುಡ್ಡನ್ನು ಕೀಲಿಕೈಗೆ ಕಟ್ಟಿದೆವು, ಕಿಲೋಮೀಟರಿಗೆ ಕಟ್ಟಲಿಲ್ಲ.

ನಿಮ್ಮ ಮಗಳ ಸ್ಕೂಟರು ದಿನಕ್ಕೆ 20 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ಲೀಟರಿಗೆ 45ರಂತೆ ಉಳಿಯುವ ಪೆಟ್ರೋಲ್ ಅರ್ಧ ಲೀಟರಿಗೂ ಕಮ್ಮಿ. ನಿಮ್ಮ ಊರಿನ ಹಳೇ ಬಸ್ ನಿಲ್ದಾಣದ ಮುಂದೆ ನಿಂತ ಆಟೊ ದಿನಕ್ಕೆ 100 ಕಿಲೋಮೀಟರ್ ಓಡಿದರೆ, ಲೀಟರಿಗೆ 25ರಂತೆ ನಾಲ್ಕು ಲೀಟರ್. ಸ್ಕೂಟರಿಗೆ 45 ಸಾವಿರ ಕೊಟ್ಟಾಗ ದಿನದ ಒಂದು ಲೀಟರ್ ಉಳಿಸಲು ಸರ್ಕಾರಕ್ಕೆ ಬಿದ್ದ ಖರ್ಚು ಒಂದು ಲಕ್ಷ. ಎಂಟು ಯೂನಿಟ್ ಬ್ಯಾಟರಿಯ ಆಟೊಗೆ ಪಿಎಂ ಇ-ಡ್ರೈವ್‌ನ ಮೊದಲ ದರದಲ್ಲಿ 40 ಸಾವಿರ ಕೊಟ್ಟರೆ, ಅದೇ ಒಂದು ಲೀಟರಿಗೆ ಹತ್ತು ಸಾವಿರ. ಬಸ್ಸಿನ ಲೆಕ್ಕ ಸ್ವಲ್ಪ ಬೇರೆ, ಅದನ್ನು ಮುಚ್ಚಿಡುವುದಿಲ್ಲ. ಫೇಮ್‌ನಲ್ಲಿ 12 ಮೀಟರ್ ಬಸ್ಸಿಗೆ 55 ಲಕ್ಷದವರೆಗೆ ಇತ್ತು. ನಗರದ ಡೀಸೆಲ್ ಬಸ್ಸು ಲೀಟರಿಗೆ ನಾಲ್ಕು ಕಿಲೋಮೀಟರಿನಂತೆ ದಿನಕ್ಕೆ 200 ಓಡಿದರೆ 50 ಲೀಟರ್, ಅಂದರೆ ಲೀಟರಿಗೆ ಲಕ್ಷದ ಹತ್ತು ಸಾವಿರ. ಬರೀ ಲೀಟರ್ ಹಿಡಿದು ಅಳೆದರೆ ಬಸ್ಸು ನಿಮ್ಮ ಸ್ಕೂಟರಿಗಿಂತ ಮೇಲೇನಲ್ಲ. ಆದರೆ ಆ ಬಸ್ಸಿನಲ್ಲಿ ನಲವತ್ತು ಜನ ಕೂತಿರುತ್ತಾರೆ, ಅವರ ನಲವತ್ತು ಗಾಡಿ ರಸ್ತೆಯಲ್ಲಿ ಇರುವುದಿಲ್ಲ.

ಬಸ್ಸಿನ ವಿಷಯದಲ್ಲಿ ನಮ್ಮವರು ಕಿಲೋಮೀಟರಿನ ಪಾಠವನ್ನು ಸ್ವಲ್ಪ ಕಲಿತಿದ್ದಾರೆ. ಬೆಂಗಳೂರಿನ ನಗರ ಸಾರಿಗೆ ನಿಗಮವಾದ ಬಿಎಂಟಿಸಿಯ ವಿದ್ಯುತ್ ಬಸ್ಸುಗಳು 2021ರ ಡಿಸೆಂಬರ್‌ನಿಂದ ಬಂದದ್ದು ಗುತ್ತಿಗೆಯ ಮೇಲೆ. ಬಸ್ಸು ಕಂಪನಿಯದು, ಚಾಲಕರು ಕಂಪನಿಯವರು, ನಿರ್ವಾಹಕರು ನಿಗಮದವರು, ಹಣ ಓಡಿದ ಕಿಲೋಮೀಟರಿಗೆ. ತೊಡಕಿಲ್ಲವೆಂದಲ್ಲ. ಗುತ್ತಿಗೆಯ ಸಂಬಳಕ್ಕೆ ಬರುವ ಚಾಲಕರು ಹೆಚ್ಚು ದಿನ ನಿಲ್ಲುವುದಿಲ್ಲ, ಹೊಸಬರಿಗೆ ತರಬೇತಿ ಸಾಲುವುದಿಲ್ಲ. ನಿಗಮ ಬಿಲ್ ಬಾಕಿ ಇಟ್ಟರೆ ಕಂಪನಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಈ ಭಯ ಹೋಗಲೆಂದೇ ಕೇಂದ್ರ 2024ರಲ್ಲಿ 3,435 ಕೋಟಿಯ ಪಾವತಿ ಭದ್ರತಾ ವ್ಯವಸ್ಥೆ ಮಾಡಬೇಕಾಯಿತು. ಈಗ ಪಿಎಂ ಇ-ಡ್ರೈವ್‌ನಲ್ಲಿ ಬೆಂಗಳೂರಿಗೆ 4,500 ಬಸ್ ಹಂಚಿಕೆಯಾಗಿದೆ. ನಿಮ್ಮ ಸ್ಕೂಟರಿಗೆ ಕಡಿತವಾದ ದುಡ್ಡು ಎಲ್ಲಿ ಹೋಯಿತು ಎಂದು ಕೇಳಿದರೆ, ಒಂದು ಪಾಲು ಅಲ್ಲಿಗೆ ಹೋಗಿದೆ. ನನಗೆ ಅದರಲ್ಲಿ ದುಃಖವಿಲ್ಲ.

ಆಟೊದವರ ಪಾಡು ಮಾತ್ರ ಯಾರಿಗೂ ಬೇಡವಾಗಿದೆ. ಬೆಂಗಳೂರಿನಲ್ಲಿ ಹೆಚ್ಚು ಹೊಗೆ ಉಗುಳುವ ಹಳೇ ಎರಡು ಸ್ಟ್ರೋಕ್ ಆಟೊಗಳನ್ನು ಗುಜರಿಗೆ ಹಾಕಿದವರಿಗೆ ರಾಜ್ಯ 30 ಸಾವಿರ ಘೋಷಿಸಿದ್ದುಂಟು. ಆ ದಾರಿ ಸರಿಯಾಗಿತ್ತು. ಆದರೆ ಆಟೊದವರ ಕತ್ತು ಹಿಸುಕುವುದು ಬೆಲೆಗಿಂತ ಬಡ್ಡಿ. ವಿದ್ಯುತ್ ಆಟೊವನ್ನು ಮೂರು ವರ್ಷ ಬಿಟ್ಟು ಮಾರಿದರೆ ಎಷ್ಟಕ್ಕೆ ಹೋಗುತ್ತದೆಂದು ಫೈನಾನ್ಸ್‌ನವರಿಗೆ ಗೊತ್ತಿಲ್ಲ, ಬ್ಯಾಟರಿ ಕೆಟ್ಟರೆ ಜಪ್ತಿ ಮಾಡಿದ ಗಾಡಿ ಬರೀ ತಗಡು. ಆ ಭಯವನ್ನೆಲ್ಲ ಬಡ್ಡಿಗೆ ಸೇರಿಸುತ್ತಾರೆ. ಮೂರು ಲಕ್ಷ ಸಾಲ, ನಾಲ್ಕು ವರ್ಷ ಅವಧಿ. ಶೇ 20ರ ಬಡ್ಡಿಯಲ್ಲಿ ತಿಂಗಳ ಕಂತು ಸುಮಾರು 9,130, ಶೇ 10ರಲ್ಲಿ 7,610. ನಾಲ್ಕು ವರ್ಷಕ್ಕೆ ವ್ಯತ್ಯಾಸ 73 ಸಾವಿರ. ಮೂರು ಚಕ್ರದ ಗಾಡಿಗೆ ಪಿಎಂ ಇ-ಡ್ರೈವ್ ಕೊಟ್ಟ ಅತಿ ಹೆಚ್ಚಿನ ಸಹಾಯಧನವೇ 50 ಸಾವಿರ, ಮರುವರ್ಷ ಅದೂ 25 ಸಾವಿರಕ್ಕೆ ಇಳಿಯಿತು. ಸರ್ಕಾರ ಒಂದು ಕೈಯಲ್ಲಿ ಕೊಟ್ಟಿದ್ದನ್ನು ಫೈನಾನ್ಸ್‌ನವರು ಬಡ್ಡಿಸಮೇತ ಕಸಿದುಕೊಂಡರು ಅಷ್ಟೆ. ಅದೇ ಹಣವನ್ನು ಸಾಲಕ್ಕೆ ಖಾತರಿಯಾಗಿ ನಿಲ್ಲಿಸಿದ್ದರೆ ಅಷ್ಟೇ ಹಣದಲ್ಲಿ ಎಷ್ಟು ಪಟ್ಟು ಆಟೊಗಳು ರಸ್ತೆಗಿಳಿಯುತ್ತಿದ್ದವು!

ಇನ್ನು ನೀವು 'ಮಧ್ಯಮ ವರ್ಗದ ಕೈಬಿಟ್ಟರು' ಎಂದು ಬರೆದಿರಿ. ಕೈ ಹಿಡಿದದ್ದು ಯಾರನ್ನು ಎಂದು ನೋಡಿ. ಕರ್ನಾಟಕ 2016ರಲ್ಲಿ ವಿದ್ಯುತ್ ವಾಹನಗಳಿಗೆ ರಸ್ತೆ ತೆರಿಗೆ ಪೂರ್ತಿ ಮನ್ನಾ ಮಾಡಿತು. ಮರುವರ್ಷ ಇಡೀ ದೇಶದಲ್ಲೇ ಮೊದಲ ವಿದ್ಯುತ್ ವಾಹನ ನೀತಿ ತಂದಿತು, ಅದಕ್ಕೆ ಬೆನ್ನು ತಟ್ಟೋಣ. ಆದರೆ ಮನ್ನಾ ಯಾರಿಗೆ ಎಷ್ಟು ಸಂದಿತು? ಲಕ್ಷದ ಮೇಲಿನ ಪೆಟ್ರೋಲ್ ದ್ವಿಚಕ್ರಕ್ಕೆ ಶೇ 18 ತೆರಿಗೆ, ಆ ತೆರಿಗೆಯ ಮೇಲೆ ಶೇ 11 ಸೆಸ್, ಒಟ್ಟು ಹತ್ತಿರ ಹತ್ತಿರ ಶೇ 20. ಲಕ್ಷದ ಇಪ್ಪತ್ತು ಸಾವಿರದ ವಿದ್ಯುತ್ ಸ್ಕೂಟರಿನವನಿಗೆ ಉಳಿದದ್ದು 24 ಸಾವಿರ. 20 ಲಕ್ಷದ ಮೇಲಿನ ಪೆಟ್ರೋಲ್ ಕಾರಿಗೂ ಅದೇ ದರ. 40 ಲಕ್ಷದ ವಿದ್ಯುತ್ ಕಾರು ತಂದವನಿಗೆ ಉಳಿದದ್ದು ಎಂಟು ಲಕ್ಷ. ಯಾವ ಅರ್ಜಿಯೂ ಇಲ್ಲ, ಸರದಿಯೂ ಇಲ್ಲ. 2024ರಲ್ಲಿ 25 ಲಕ್ಷದ ಮೇಲಿನ ವಿದ್ಯುತ್ ಕಾರುಗಳಿಗೆ ಶೇ 10 ತೆರಿಗೆ ಹಾಕಿದಾಗ ಪತ್ರಿಕೆಗಳಲ್ಲಿ ಎದ್ದ ಗದ್ದಲ ನೆನಪಿರಬಹುದು. ಎಂಟು ವರ್ಷ ತಡವಾಯಿತು ಎಂಬುದಷ್ಟೇ ನನ್ನ ಆಕ್ಷೇಪ. ತೈಲದ ದುಡ್ಡಿನಲ್ಲಿ ತೇಲುವ ನಾರ್ವೆ ಕೂಡ 2023ರಲ್ಲಿ ಐದು ಲಕ್ಷ ಕ್ರೋನರ್ ಮೇಲಿನ ಬೆಲೆಗೆ ವ್ಯಾಟ್ ಹಾಕಲು ಶುರುಮಾಡಿತು.

'ಸಹಾಯಧನ' ಎಂಬ ಪದವನ್ನೇ ನೋಡಿ ಮೇಷ್ಟ್ರೆ, ಕನ್ನಡ ಕಲಿಸಿದವರು ನೀವು. ಸಹಾಯ ಬೇಕಾದವನಿಗೆ ಕೊಡುವ ಧನ ತಾನೆ? ಎಂಟು ಲಕ್ಷದ ಮನ್ನಾಕ್ಕೆ ಅದೇ ಪದ ಹೊಂದುವುದಿಲ್ಲವೆಂದೇ ಏನೋ, ಅದಕ್ಕೆ 'ಪ್ರೋತ್ಸಾಹ' ಎಂದು ಹೆಸರಿಟ್ಟಿದ್ದಾರೆ.

ನಿಮ್ಮ ಹಳೇ ಸ್ಕೂಟರಿನ ಪ್ರಶ್ನೆಯಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಕಡೆ. ಕೇಂದ್ರ 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ ನಿಯಮದ ಪ್ರಕಾರ ನೋಂದಾಯಿತ ಗುಜರಿ ಕೇಂದ್ರದಲ್ಲಿ ಗಾಡಿ ಕೊಟ್ಟು ಪ್ರಮಾಣಪತ್ರ ಪಡೆದವರಿಗೆ ಹೊಸ ಸ್ವಂತ ವಾಹನದ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಬಹುದು. ಅಂದರೆ ಹೊಗೆ ಉಗುಳುವ ಗಾಡಿ ಬಿಟ್ಟು ಮತ್ತೊಂದು ಪೆಟ್ರೋಲ್ ಗಾಡಿ ಕೊಂಡವನಿಗೆ ಲಾಭ. ವಿದ್ಯುತ್ ಸ್ಕೂಟರ್ ಕೊಂಡವನಿಗೆ ತೆರಿಗೆಯೇ ಇಲ್ಲದ ಮೇಲೆ ಸೊನ್ನೆಯಲ್ಲಿ ಶೇ 25 ಎಷ್ಟು? ನೋಂದಣಿ ಶುಲ್ಕದ ಮಾಫಿಯೂ ಹಾಗೆಯೇ, ವಿದ್ಯುತ್ ವಾಹನಕ್ಕೆ 2021ರ ಆಗಸ್ಟ್‌ನಲ್ಲೇ ಆ ಶುಲ್ಕ ತೆಗೆದಿದ್ದರು. ಅತಿ ಒಳ್ಳೆಯ ಕೆಲಸ ಮಾಡಿದವನಿಗೆ ಅತಿ ಕಮ್ಮಿ ಫಲ. ಒಂದು ಉಪಾಯವಿದೆ: ಆ ಪ್ರಮಾಣಪತ್ರವನ್ನು ಇನ್ನೊಬ್ಬರಿಗೆ ಮಾರಲು ಬರುತ್ತದೆ. ಮನೆಯಲ್ಲೋ ನೆಂಟರಲ್ಲೋ ಪೆಟ್ರೋಲ್ ಗಾಡಿ ತೆಗೆಯುವವರಿದ್ದರೆ ಕೇಳಿ ನೋಡಿ. ಓಣಿಯ ಗುಜರಿ ಅಂಗಡಿಗೆ ತೂಕದ ಮೇಲೆ ಹಾಕಿದರೆ ಈ ಪತ್ರ ಬರುವುದಿಲ್ಲ. ಆರ್‌ಟಿಒ ದಾಖಲೆಯಲ್ಲಿ ಗಾಡಿ ನಿಮ್ಮ ಹೆಸರಿನಲ್ಲೇ ಉಳಿದು ನಾಳೆ ತಲೆನೋವಾಗುತ್ತದೆ.

ಇಷ್ಟೆಲ್ಲ ಹೇಳುವಾಗ ಒಂದು ಕಡೆ ಮನಸ್ಸು ಹೋಗುತ್ತದೆ. ಎರಡು ಚಕ್ರ, ಮೂರು ಚಕ್ರ, ನಾಲ್ಕು ಚಕ್ರ ಎಲ್ಲಕ್ಕೂ ಯೋಜನೆಯಿದೆ. ನಡೆಯುವವರಿಗೆ? ದಾವಣಗೆರೆಯಾಗಲಿ ಹುಬ್ಬಳ್ಳಿಯಾಗಲಿ, ಶಾಲೆಗೆ ಹೋಗುವ ಮಗು ಚರಂಡಿಯ ಚಪ್ಪಡಿ ಮೇಲೆ ಸರ್ಕಸ್ ಮಾಡಿಕೊಂಡು ಹೋಗಬೇಕು. ಸೈಕಲ್ಲಿಗಿಂತ ಶುಚಿಯಾದ ವಾಹನ ಇನ್ನೂ ಹುಟ್ಟಿಲ್ಲ, ಅದಕ್ಕೆ ರಸ್ತೆಯ ಅಂಚಿನಲ್ಲಿ ಮೂರಡಿ ಜಾಗವಿಲ್ಲ. ಮೀಟರ್ ಓದಲು ಬಾರದವನೂ ಆಟೊ ಓಡಿಸಿ ಬದುಕಬಹುದಾದ ನಾಡಿನಲ್ಲಿ ಬ್ಯಾಟರಿಯ ವಾರಂಟಿ ಪುಸ್ತಕ ಪೂರ್ತಿ ಇಂಗ್ಲಿಷಿನಲ್ಲಿರುತ್ತದೆ. ನೀರು ಹೊಕ್ಕರೆ ವಾರಂಟಿ ಇಲ್ಲ ಎಂಬ ಸಾಲು ಅದರ ಯಾವುದೋ ಮೂಲೆಯಲ್ಲಿರುತ್ತದೆ.

ಸರಿ, ನಿಮ್ಮ ಮಗಳ ಗಾಡಿಗೆ ಬರೋಣ. ಶೋರೂಮಿನಲ್ಲಿ ಬಾಯಿಮಾತಿನ ಬೆಲೆ ಕೇಳಬೇಡಿ, ಬಿಡಿ ಬಿಡಿಯಾಗಿ ಬರೆದ ಪಟ್ಟಿ ಕೇಳಿ. ಗಾಡಿಯ ಬೆಲೆ, ಶೇ 5 ಜಿಎಸ್‌ಟಿ, ಕಳೆದ ಸಹಾಯಧನ, ವಿಮೆ, ನೋಂದಣಿ ಪ್ರತ್ಯೇಕವಾಗಿ ಕಾಣಬೇಕು. ಚಾರ್ಜರ್ ಬೆಲೆಯಲ್ಲಿ ಸೇರಿದೆಯೇ ನೋಡಿ. ಫೇಮ್‌ನಲ್ಲಿ ಒಂದೂವರೆ ಲಕ್ಷದ ಬೆಲೆ ಮಿತಿಯೊಳಗೆ ನುಸುಳಲು ಕೆಲವು ಕಂಪನಿಗಳು ಚಾರ್ಜರನ್ನು ಬೇರೆ ಬಿಲ್ ಮಾಡಿ, 2023ರಲ್ಲಿ ಸಿಕ್ಕಿಬಿದ್ದು ಗ್ರಾಹಕರಿಗೆ ಹಣ ವಾಪಸು ಕೊಡಬೇಕಾಯಿತು. 'ಹ್ಯಾಂಡ್ಲಿಂಗ್' ಹೆಸರಿನ ಸಾಲು ಕಂಡರೆ ಹೊಡೆದುಹಾಕಿಸಿ. ಮೂರನೆಯವರ (ಥರ್ಡ್ ಪಾರ್ಟಿ) ವಿಮೆ ಐದು ವರ್ಷಕ್ಕೆ ಕಡ್ಡಾಯ, ಆದರೆ ಡೀಲರ್ ಹೇಳಿದ ಕಂಪನಿಯಲ್ಲೇ ಮಾಡಿಸಬೇಕೆಂದಿಲ್ಲ. ವಿದ್ಯುತ್ ವಾಹನಕ್ಕೆ ಅದರಲ್ಲಿ ಶೇ 15 ರಿಯಾಯಿತಿ ಇದೆ. ನಂಬರ್ ಪ್ಲೇಟ್ ಬೇಡದ, ಗಂಟೆಗೆ 25 ಕಿಲೋಮೀಟರಿನ ಗಾಡಿ ತೋರಿಸಿ ಸಹಾಯಧನ ಬರುತ್ತದೆ ಎಂದರೆ ನಂಬಬೇಡಿ.

ಕೊಳ್ಳುವ ಹೊತ್ತಿಗೆ ಸಹಾಯಧನ ಇನ್ನೂ ಇದ್ದರೆ ಅದರ ವೋಚರ್ ಆಧಾರ್ ಮೇಲೆ ತಯಾರಾಗುತ್ತದೆ, ಒಂದು ಆಧಾರಿಗೆ ಒಂದೇ ಗಾಡಿ. ಲಿಂಕ್ ಮಗಳ ಮೊಬೈಲಿಗೇ ಬರಬೇಕು, ಡೀಲರ್ ತನ್ನ ನಂಬರ್ ಹಾಕಲು ಬಿಡಬೇಡಿ. ಅವಳು ಸಹಿ ಮಾಡಿ ಕೊಟ್ಟ ಮೇಲೆ ಡೀಲರ್ ಸಹಿ ಹಾಕಿ ಪೋರ್ಟಲ್‌ಗೆ ಏರಿಸುತ್ತಾನೆ, ಪೂರ್ತಿಯಾದ ಪ್ರತಿ ಮತ್ತೆ ಎಸ್‌ಎಂಎಸ್‌ನಲ್ಲಿ ಬರುತ್ತದೆ. ಅದು ಬರುವವರೆಗೆ ಉಳಿದ ಹಣ ಕೈಯಲ್ಲಿರಲಿ. ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಸಿಗುತ್ತಿದ್ದ ಒಂದೂವರೆ ಲಕ್ಷದ ವಿನಾಯಿತಿ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ. ಈಗಲೂ ಅದನ್ನು ಹೇಳಿ ಮಾರುವವರಿದ್ದಾರೆ.

ಕಾಯಲೇ ಎಂದು ಕೇಳಿದಿರಿ. ಪೆಟ್ರೋಲಿಗೆ ಕಿಲೋಮೀಟರಿಗೆ ಎರಡು ರೂಪಾಯಿ ಮೇಲೆ ಚಿಲ್ಲರೆ, ಮನೆಯ ಕರೆಂಟಿಗೆ ಇಪ್ಪತ್ತೈದು ಪೈಸೆಯ ಆಸುಪಾಸು. ವರ್ಷಕ್ಕೆ ಆರು ಸಾವಿರ ಕಿಲೋಮೀಟರ್ ಓಡಿದರೆ ಹನ್ನೆರಡು ಸಾವಿರ ಉಳಿತಾಯ. ಬರಬಹುದಾದ ಐದು ಸಾವಿರಕ್ಕಾಗಿ ಆರು ತಿಂಗಳು ಕಾದರೆ ಅಷ್ಟರಲ್ಲಿ ಬಂಕಿನವನಿಗೆ ಆರು ಸಾವಿರ ಕೊಟ್ಟಿರುತ್ತೀರಿ. ಕಾಯಬೇಡಿ. ಗಾಡಿ ಬರುವ ಮೊದಲು ಮಾತ್ರ ಎಲೆಕ್ಟ್ರಿಷಿಯನ್ ಕರೆಸಿ, ನಿಲ್ಲಿಸುವ ಜಾಗದಲ್ಲಿ ಮೂರು ಪಿನ್ನಿನ ದಪ್ಪ ಸಾಕೆಟ್ ಹಾಕಿಸಿ, ಅರ್ತಿಂಗ್ ಇದೆಯೇ ಎಂದು ಮೀಟರ್ ಹಿಡಿಸಿ ನೋಡಿ. ಹಳೇ ಮನೆಗಳಲ್ಲಿ ಪಿನ್ ಮೂರಿದ್ದರೂ ತಂತಿ ಎರಡೇ ಇರುತ್ತದೆ.