ಬೆಳಿಗ್ಗೆ ಐದಕ್ಕೇ ಒಲೆ ಹಚ್ಚೋರು

ಪ್ರಶ್ನೆ: ನಮ್ದು ಕೊಡಗಿನ ಸಿದ್ದಾಪುರದ ಹತ್ರ ಸಣ್ಣ ಕಾಫಿ ತೋಟ. ನಾಲ್ಕು ವರ್ಷದ ಹಿಂದೆ ಅಸ್ಸಾಂ ಕಡೆಯಿಂದ ಕಾಫಿ ಕುಯ್ಲಿಗೆ ಬಂದಿದ್ದ ಗಂಡ ಹೆಂಡ್ತಿ ಈಗ ಪೇಟೇಲಿ ಟೀ, ಮೊಮೊ ಗಾಡಿ ಇಟ್ಟಿದ್ದಾರೆ, ವ್ಯಾಪಾರ ಜೋರಾಗಿದೆ. ನಮ್ಮನೇಲಿ 'ಊರ ಹುಡುಗರ ಹೊಟ್ಟೆ ಮೇಲೆ ಹೊಡೀತಾರೆ' ಅಂತಾರೆ. ನಂಗೆ ಅವರನ್ನ ನೋಡಿದ್ರೆ ಖುಷಿ ಆಗುತ್ತೆ. ನಂದು ತಪ್ಪಾ?

ಉತ್ತರ: ಖಂಡಿತ ತಪ್ಪಲ್ಲ, ಆ ಖುಷಿ ಇಟ್ಕೊಳ್ಳಿ. ರೊಬಸ್ಟಾ ಕಾಫಿ ಕುಯ್ಲು ಅಂದ್ರೆ ಜನವರಿ ಚಳೀಲಿ ಇಬ್ಬನಿಗೆ ನೆಂದ ಗಿಡದ ಮಧ್ಯೆ ನಿಂತು ಕೆಜಿ ಲೆಕ್ಕದಲ್ಲಿ ಚೀಲ ತುಂಬ್ಸೋದು, ಅದು ಮುಗಿಯೋ ಹೊತ್ತಿಗೆ ಏಣಿ ಹತ್ತಿ ಮೆಣಸು ಬಿಡ್ಸೋದು, ಆ ದುಡ್ಡಲ್ಲಿ ಊರಿಗೂ ಕಳ್ಸಿ ಉಳಿದಿದ್ದರಲ್ಲಿ ಒಂದು ಗಾಡಿ ಮಾಡ್ಕೊಳ್ಳೋದು ಅಂದ್ರೆ ಸಾಮಾನ್ಯ ಅಲ್ಲ ಕಣ್ರೀ. ನಾನು ನೋಡಿದ ಒಂದು ಗಾಡೀಲಿ ಬೆಳಿಗ್ಗೆ ಐದಕ್ಕೇ ಒಲೆ ಹತ್ತಿರುತ್ತೆ, ಯಾಕಂದ್ರೆ ಕೆಲಸದವರನ್ನ ತೋಟಕ್ಕೆ ಕರ್ಕೊಂಡು ಹೋಗೋ ಜೀಪು ಹೊರಡೋ ಮುಂಚೆ ಅವರಿಗೆ ಬಿಸಿ ಟೀ ಬೇಕು ಅಂತ ಆ ಹೆಂಗಸಿಗೆ ಗೊತ್ತು, ತಾನೇ ಅದೇ ಜೀಪಲ್ಲಿ ಹೋಗ್ತಿದ್ದೋಳು. ನಾವೆಲ್ಲ ಇಷ್ಟು ವರ್ಷ ಅದೇ ರೋಡಲ್ಲಿ ಓಡಾಡಿದ್ರೂ ಅವರಿಗೆ ಆ ಹೊತ್ತಲ್ಲಿ ಟೀ ಬೇಕು ಅನ್ನೋದು ನಮ್ಮ ಕಣ್ಣಿಗೆ ಬಿದ್ದಿರ್ಲಿಲ್ಲ.

ಊರ ಹುಡುಗರ ಚಿಂತೆ ಸುಳ್ಳು ಅನ್ನಲ್ಲ. ಆದ್ರೆ ಆ ಗಾಡಿಗೆ ಹಾಲು, ತರಕಾರಿ, ಗ್ಯಾಸು ಎಲ್ಲ ನಮ್ಮೂರಿಂದಾನೇ ಹೋಗುತ್ತೆ. ನಮ್ಮ ಎಷ್ಟೋ ಹುಡುಗರು ಬೆಂಗಳೂರು, ದುಬೈ ಅಂತ ಹೋಗಿ ದುಡೀತಿದ್ದಾರೆ, ಅಲ್ಲಿ ಅವರೂ ಹೊರಗಿನೋರೇ ಅಲ್ವಾ.

ಕುಶಾಲನಗರ ದಾಟಿದ್ರೆ ಬೈಲಕುಪ್ಪೆ. 1961ರಲ್ಲಿ ಟಿಬೆಟಿಯನ್ನರು ಬಂದಾಗ ಅಲ್ಲಿದ್ದಿದ್ದು ಕಾಡು, ಕಡಿದು ಮುಸುಕಿನ ಜೋಳ ಬೆಳೆದ್ರು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದ್ರು. ಇವತ್ತು ಅಲ್ಲಿಗೆ ಬರೋ ಟೂರಿಸ್ಟುಗಳಿಂದ ಕುಶಾಲನಗರದ ಲಾಡ್ಜು, ಹೋಟೆಲ್ಲು, ಆಟೋದವರಿಗೂ ದುಡಿಮೆ ಇದೆ. ನಮ್ಮ ತೋಟಗಳೂ ಅಷ್ಟೇ, ಬ್ರಿಟಿಷರ ಕಾಲದಿಂದ ಮೈಸೂರು ಕಡೆಯಿಂದ, ಮಲಬಾರ್, ತಮಿಳುನಾಡಿಂದ ಬಂದೋರ ಬೆವರಲ್ಲಿ ಬೆಳೆದಿದ್ದು. ಮನೇಲಿ ಮಾತು ಬಂದಾಗ ಇದನ್ನೆಲ್ಲ ಹೇಳಿ, ಜೊತೆಗೆ ಒಂದಿನ ಎಲ್ಲರನ್ನೂ ಕರ್ಕೊಂಡು ಹೋಗಿ ಆ ಗಾಡೀಲಿ ಮೊಮೊ ತಿನ್ಸಿ.

ಪ್ರಶ್ನೆ: ನಮ್ಮ ತೋಟದ ಲೈನ್ ಮನೇಲಿ (ಕೆಲಸದವರಿಗೆ ಸಾಲಾಗಿ ಕಟ್ಟಿಸಿದ ಮನೆ) ಇರೋ ಅಸ್ಸಾಂ ಕುಟುಂಬಕ್ಕೆ ಅಲ್ಲಿಯ ರೇಷನ್ ಕಾರ್ಡಲ್ಲಿ ಇಲ್ಲಿ ಅಕ್ಕಿ ಸಿಗುತ್ತಾ?

ಉತ್ತರ: ಸಿಗುತ್ತೆ. ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆಗೆ ಅಸ್ಸಾಂ 2022ರಲ್ಲೇ ಸೇರಿದೆ. ಅವರದ್ದು ಆಹಾರ ಭದ್ರತೆ ಕಾಯ್ದೆ ಕಾರ್ಡ್ ಆಗಿರ್ಬೇಕು, ಆಧಾರ್ ಲಿಂಕ್ ಆಗಿರ್ಬೇಕು. ಊರಲ್ಲಿರೋ ಅಪ್ಪ ಅಮ್ಮ ತಮ್ಮ ಪಾಲು ಅಲ್ಲೇ ತಗೋಬಹುದು, ಇವರು ತಮ್ಮ ಪಾಲು ಇಲ್ಲಿ. ಭಾಷೆ ಬರಲ್ಲ ಅಂತ ಎಷ್ಟೋ ಜನ ರೇಷನ್ ಅಂಗಡಿ ಮೆಟ್ಟಿಲೇ ಹತ್ತಲ್ಲ, ಮೊದಲ ಸಲ ನೀವೋ ತೋಟದ ಲೆಕ್ಕ ಬರೆಯೋ ರೈಟರೋ ಜೊತೆಗೆ ಹೋಗಿ ಬೆರಳಚ್ಚು ಕೊಡ್ಸಿ.